ನಾಲ್ಕು ಡಬ್ಬಿಯ ಸ್ಟೀಲ್ ಕ್ಯಾರಿಯರ್: ನಮ್ಮ ಮನೆಯಲ್ಲಿ ಒಂದು ವರ್ಷ

ಹೋದ ವರ್ಷ ಕ್ರಿಸ್ಮಸ್ ಮುಗಿದ ವಾರ ಕೋಲಾರದ ದೊಡ್ಡಪೇಟೆಯ ಒಂದು ಪಾತ್ರೆ ಅಂಗಡಿಯಲ್ಲಿ ಈ ಕ್ಯಾರಿಯರ್ ತಗೊಂಡೆ. ಬೆಲೆ 1,150 ರೂಪಾಯಿ. ನಾಲ್ಕು ಡಬ್ಬಿ, ಒಂದು ಮುಚ್ಚಳ, ಎರಡು ಕಡೆ ಪಟ್ಟಿ, ಮೇಲೊಂದು ಹಿಡಿ. ಯಾವ ಕಂಪನಿ ಹೆಸರೂ ಇಲ್ಲ. ಇಂಥದ್ದು ನಿಮ್ಮೂರಿನ ಪಾತ್ರೆ ಅಂಗಡಿಯಲ್ಲೂ ನೇತಾಡುತ್ತಿರುತ್ತದೆ. ವರ್ಷಪೂರ್ತಿ ಹೆಚ್ಚುಕಮ್ಮಿ ದಿನಾ ಬಳಸಿದ್ದೇನೆ. ತಗೊಳ್ಳುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆಯವರು ಸಭಾಪಾಲಕರು, ಅಂದರೆ ಚರ್ಚಿನ ಪಾಸ್ಟರ್. ನಾನು ಶಾಲೆಯಲ್ಲಿ ಟೀಚರ್. ಮಗ ಒಂಬತ್ತನೇ ಕ್ಲಾಸು, ಮಗಳು ಮೂರನೇ ಕ್ಲಾಸು. ಅತ್ತೆ ನಮ್ಮ ಜೊತೆಯಲ್ಲೇ ಇದ್ದಾರೆ. ಊರಿನ ಸಭೆ ಅಲ್ಲದೆ ಸುತ್ತ ಮೂರು ಹಳ್ಳಿಗಳ ಪ್ರಾರ್ಥನೆ ಕೂಟಗಳನ್ನೂ ಇವರೇ ನೋಡಿಕೊಳ್ಳಬೇಕು. ಬುಧವಾರ ಒಂದು ಹಳ್ಳಿ, ಶುಕ್ರವಾರ ಇನ್ನೊಂದು. ಗುರುವಾರ ಸಂಜೆ ಹುಷಾರಿಲ್ಲದವರ ಮನೆಗಳಿಗೆ ಹೋಗುತ್ತೇವೆ. ಈ ಗುರುವಾರಗಳಿಗಾಗಿಯೇ ಕ್ಯಾರಿಯರ್ ಬೇಕಾಗಿದ್ದು. ಅದಕ್ಕೆ ಮುಂಚೆ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತಗೊಂಡು ಹೋಗುತ್ತಿದ್ದೆ. ಬಿಸಿ ಸಾರಿಗೆ ಡಬ್ಬಿಯ ಮುಚ್ಚಳ ಸೊಟ್ಟ ಆಗುತ್ತಿತ್ತು. ಒಂದೊಂದು ಮನೆಯಲ್ಲಿ ಒಂದೊಂದು ಉಳಿದುಕೊಳ್ಳುತ್ತಿತ್ತು.

ಮೊದಲು ಕೊಳ್ಳುವ ವಿಷಯ. ಅಂಗಡಿಯವರು ಆಯಸ್ಕಾಂತ ತಂದು ಡಬ್ಬಿಗೆ ಹಿಡಿದು ತೋರಿಸಿದರು. "ನೋಡಿ ಮೇಡಂ, ಅಂಟೋದಿಲ್ಲ, ಒಳ್ಳೇ ಸ್ಟೀಲು" ಅಂದರು. ನಾನೂ ನಂಬಿದೆ. ನನ್ನ ತಮ್ಮ ವೇಮಗಲ್ ಕಡೆ ಒಂದು ಕಾರ್ಖಾನೆಯಲ್ಲಿ ಲೋಹದ ಕೆಲಸ ಮಾಡುತ್ತಾನೆ. ಮನೆಗೆ ಬಂದಾಗ ಡಬ್ಬಿ ತಿರುಗಿಸಿ ನೋಡಿ, ಆಯಸ್ಕಾಂತದಿಂದ ಪೂರ್ತಿ ಗೊತ್ತಾಗೋದಿಲ್ಲಕ್ಕಾ ಅಂದ. ಪಾತ್ರೆಗೆ ಒಳ್ಳೆಯದು 304 ನಂಬರಿನ ಸ್ಟೀಲ್. ಅದರಲ್ಲಿ ಸುಮಾರು ನೂರಕ್ಕೆ 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತದೆ. ಅದಕ್ಕೇ 18/8 ಅಂತಲೂ ಕರೆಯುತ್ತಾರೆ. 202 ನಂಬರಿನದ್ದು ಅಗ್ಗ. ಅದರಲ್ಲಿ ನಿಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅದಕ್ಕೂ ಆಯಸ್ಕಾಂತ ಅಂಟುವುದಿಲ್ಲ. ಆದರೆ ಉಪ್ಪು, ಹುಳಿ ತಾಗಿ ತಾಗಿ ಬೇಗ ಚುಕ್ಕೆ ಬೀಳುತ್ತದೆ.

ನಮ್ಮದು ಅಗ್ಗದ್ದೇ ಇರಬೇಕು. ಎಂಟನೇ ತಿಂಗಳಿಗೆ ಕೆಳಗಿನ ಡಬ್ಬಿಯ ತಳದಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು ಬಂದವು. ನಮ್ಮ ಕಡೆ ಸಾರು ಅಂದರೆ ಟೊಮೇಟೊ, ಹುಣಸೆಹಣ್ಣು ಇಲ್ಲದೆ ಆಗುತ್ತದೆಯೇ? ರಾತ್ರಿಯೆಲ್ಲ ಸಾರು ಡಬ್ಬಿಯಲ್ಲೇ ಉಳಿದ ದಿನಗಳೂ ಇದ್ದವು. ತಪ್ಪು ನನ್ನದೂ ಇದೆ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದರೆ ಚುಕ್ಕೆ ಹೋಗುತ್ತದೆ, ಒಂದು ತಿಂಗಳಿಗೆ ಮತ್ತೆ ಬರುತ್ತದೆ. ನೀವು ತಗೊಳ್ಳುವಾಗ ನಂಬರ್ ಕೇಳಿ. ಬಿಲ್ಲಿನಲ್ಲಿ ಬರೆದುಕೊಡಿ ಅನ್ನಿ. ಇನ್ನೂರು ಮುನ್ನೂರು ರೂಪಾಯಿ ಜಾಸ್ತಿಯಾದರೂ ಪರವಾಗಿಲ್ಲ.

ಅದಕ್ಕಿಂತ ಮುಖ್ಯವಾಗಿ ಡಬ್ಬಿ ಒಂದರ ಮೇಲೊಂದು ಹೇಗೆ ಕೂರುತ್ತದೆ ನೋಡಿ. ನಾನು ಹೊಳಪು ನೋಡಿಕೊಂಡು ತಗೊಂಡೆ. ನಾಲ್ಕನ್ನೂ ಜೋಡಿಸಿ, ಪಟ್ಟಿ ಹಾಕಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕಿತ್ತು. ಲೊಟಲೊಟ ಸದ್ದು ಬಂದರೆ ಬೇರೆ ಕೇಳಿ. ನಮ್ಮದರಲ್ಲಿ ಎರಡನೇ ಡಬ್ಬಿಯ ಬಾಯಿ ಒಂದು ಕೂದಲೆಳೆಯಷ್ಟು ಸೊಟ್ಟ. ಬರಿಗಣ್ಣಿಗೆ ಕಾಣುವುದಿಲ್ಲ, ಸಾರಿಗೆ ಗೊತ್ತಾಗುತ್ತದೆ.

ಗೊತ್ತಾಗಿದ್ದು ಈಸ್ಟರ್ ಹಿಂದಿನ ವಾರ. ಮುಳಬಾಗಿಲಿಗೆ ಬಸ್ಸಿನಲ್ಲಿ ಹೊರಟಿದ್ದೆವು. ಅಲ್ಲೊಬ್ಬ ತಾತನಿಗೆ ಪಾರ್ಶ್ವವಾಯು ಆಗಿ ಎರಡು ವಾರ ಆಗಿತ್ತು. ಕೆಳಗಿನ ಡಬ್ಬಿಗೆ ಅನ್ನ, ಎರಡನೆಯದಕ್ಕೆ ಬಿಸಿಬಿಸಿ ಬೇಳೆ ಸಾರು ತುಂಬಿದ್ದೆ. ಒಲೆಯಿಂದ ಇಳಿಸಿದ ಕೂಡಲೇ ಮುಚ್ಚಿದ್ದು ಇನ್ನೊಂದು ತಪ್ಪು, ಒಳಗಿನ ಹಬೆ ಸಾರನ್ನು ಹೊರಗೆ ತಳ್ಳುತ್ತದೆ. ಕ್ಯಾರಿಯರ್ ಇವರ ಚೀಲದಲ್ಲಿತ್ತು. ಇಳಿದು ನೋಡಿದರೆ ಚೀಲದ ತಳ ಹಳದಿ. ಅದರಲ್ಲಿದ್ದ ಸತ್ಯವೇದದ (ಬೈಬಲಿನ) ಕೀರ್ತನೆಗಳ ಐದಾರು ಹಾಳೆ ಒದ್ದೆ. ನಾನು ಅಳುವ ಹಾಗಾದೆ. ಅವರ ಅಪ್ಪ ಕೊಟ್ಟ ಸತ್ಯವೇದ ಅದು. ಇವರು ಏನೂ ಅನ್ನಲಿಲ್ಲ. ಹಾಳೆಗಳ ಮಧ್ಯೆ ಕರವಸ್ತ್ರ ಇಟ್ಟು ಒತ್ತಿದರು. ಆಮೇಲೆ ಉಳಿದ ಸಾರನ್ನೇ ಅನ್ನಕ್ಕೆ ಹಾಕಿ, ಮೆತ್ತಗೆ ಕಿವುಚಿ, ತಾತನಿಗೆ ಚಮಚದಲ್ಲಿ ತಿನ್ನಿಸಿದರು. ಅವರು ಇನ್ನೊಬ್ಬರಿಗೆ ತಿನ್ನಿಸುವುದನ್ನು ನಾನು ನೋಡಿದ್ದು ನಮ್ಮ ಮಕ್ಕಳು ಚಿಕ್ಕವರಿದ್ದಾಗ. ಬಾಯಿಯ ಒಂದು ಕಡೆಯಿಂದ ಸೋರಿದ್ದನ್ನು ಚಮಚದ ಅಂಚಿನಿಂದ ತೆಗೆದು, ಕಾದು, ನುಂಗಿದ ಮೇಲೆ ಇನ್ನೊಂದು ಚಮಚ. ಅರ್ಧ ಗಂಟೆ ಹಿಡಿಯಿತು. ಹಾಳೆಗಳ ಮೇಲಿನ ಅರಿಶಿನದ ಕಲೆ ಈಗಲೂ ಹಾಗೇ ಇದೆ.

ಆವತ್ತಿನಿಂದ ನನ್ನ ಕ್ರಮ ಬದಲಾಯಿತು. ಸಾರು ಯಾವಾಗಲೂ ಕೆಳಗಿನ ಡಬ್ಬಿಗೆ, ಅದೂ ಮುಕ್ಕಾಲು ಮಾತ್ರ. ಅದರ ಕೆಳಗೆ ಸೋರಿ ಹಾಳಾಗುವುದಕ್ಕೆ ಇನ್ನೊಂದು ಡಬ್ಬಿ ಇರುವುದಿಲ್ಲ, ಮೇಲಿನವುಗಳ ಭಾರಕ್ಕೆ ಬಾಯಿಯೂ ಬಿಗಿಯಾಗಿ ಕೂರುತ್ತದೆ. ಐದು ನಿಮಿಷ ಆರಿಸಿ ಮುಚ್ಚಬೇಕು. ಅದರ ಮೇಲಿನ ಡಬ್ಬಿಯಲ್ಲಿ ಮುದ್ದೆ. ಡಬ್ಬಿಗೆ ಸ್ವಲ್ಪ ತುಪ್ಪ ಸವರಿ ಇಟ್ಟರೆ ಅಂಟುವುದಿಲ್ಲ. ಕೆಳಗಿನ ಸಾರಿನ ಬಿಸಿಗೆ ಮುದ್ದೆ ಎರಡು ಗಂಟೆ ಮೆತ್ತಗೇ ಇರುತ್ತದೆ. ಮೂರನೆಯದಕ್ಕೆ ಅನ್ನ, ಮೇಲಿನದಕ್ಕೆ ಪಲ್ಯವೋ ಹಣ್ಣೋ. ಒಂದೊಂದು ಡಬ್ಬಿಗೆ ಮೂರು ಲೋಟದಷ್ಟು ಹಿಡಿಯುತ್ತದೆ. ಹಿರಿಯರಿಬ್ಬರ ಎರಡು ಹೊತ್ತಿನ ಊಟ ಆರಾಮಾಗಿ ಆಗುತ್ತದೆ. ತುಂಬಿದಾಗ ನಾಲ್ಕು ಕಿಲೋ ದಾಟುತ್ತದೆ. ಹಿಡಿ ತೆಳ್ಳಗಿದ್ದು ಬೆರಳಿಗೆ ಒತ್ತುತ್ತದೆ, ಅದಕ್ಕೆ ಹಳೇ ಸೀರೆಯ ಅಂಚು ಸುತ್ತಿದ್ದೇನೆ.

ಇದನ್ನು ತುಂಬಿಕೊಂಡು ಮೊದಲು ಹೋಗಿದ್ದು ಜನವರಿಯಲ್ಲಿ, ಅವರೆಕಾಯಿ ಕಾಲದಲ್ಲಿ. ರಾತ್ರಿಯೆಲ್ಲ ನೆನೆಹಾಕಿದ ಕಾಳನ್ನು ಅತ್ತೆ, ನಾನು, ಮಕ್ಕಳು ಕೂತು ಹಿತಕಿದೆವು. ಆ ಸಾರು ಇ.ಟಿ.ಸಿ.ಎಂ. ಆಸ್ಪತ್ರೆಯಲ್ಲಿ ಬಾಣಂತಿ ಮಗಳ ಜೊತೆ ಇದ್ದ ಒಬ್ಬ ತಾಯಿಗೆ. ಮೆಥಡಿಸ್ಟ್ ಮಿಷನ್ ಕಟ್ಟಿದ ಈ ಆಸ್ಪತ್ರೆಗೆ ನೂರು ವರ್ಷದ ಮೇಲಾಯಿತು, ನಮ್ಮ ಸಭೆಯ ಎಷ್ಟೋ ಮಂದಿ ಹುಟ್ಟಿದ್ದು ಅಲ್ಲೇ. ಆ ತಾಯಿ ವರಾಂಡದ ಮೂಲೆಯಲ್ಲಿ ಕೂತು ಮುದ್ದೆ ಮುರಿದು, ಸಾರಿಗೆ ಅದ್ದಿ, ಮಾತಿಲ್ಲದೆ ಉಂಡರು. ಕೈ ತೊಳೆದ ಮೇಲೆ "ಈಗ ಪ್ರಾರ್ಥನೆ ಮಾಡಿ ಅಯ್ಯನೋರೇ" ಅಂದರು. ಮೊದಲೆಲ್ಲ ನಾವು ಹೋದ ಕೂಡಲೇ ಪ್ರಾರ್ಥನೆ ಮಾಡಿ ಹೊರಟುಬಿಡುತ್ತಿದ್ದೆವು. ಈಗ ಮೊದಲು ಊಟ, ಆಮೇಲೆ ಪ್ರಾರ್ಥನೆ. ಹೊಟ್ಟೆ ತುಂಬಿದ ಮೇಲೆ ಜನ ತಾವಾಗಿ ಮಾತಾಡುತ್ತಾರೆ. ಯಾವುದಕ್ಕೆ ಪ್ರಾರ್ಥಿಸಬೇಕು ಅಂತ ಆಗ ಸರಿಯಾಗಿ ಗೊತ್ತಾಗುತ್ತದೆ.

ಕೋಲಾರದ ಕ್ರೈಸ್ತರಿಗೆ ಊಟ ಹಂಚುವುದು ಹೊಸದೇನಲ್ಲ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ತಂದೆತಾಯಿ ಕಳೆದುಕೊಂಡ ಮಕ್ಕಳನ್ನು ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಹೆಣ್ಣುಮಗಳು ಇದೇ ಊರಿನಲ್ಲಿ ಸಾಕಿದರು. ಅತ್ತೆಯ ಕಡೆಯವರು ಆ ಮಕ್ಕಳಲ್ಲಿ ಒಬ್ಬಳ ವಂಶದವರು. "ನಮ್ಮಜ್ಜಿಯ ಅಜ್ಜಿ ಗಂಜಿ ಕುಡಿದು ಉಳಿದವಳು ಕಣಮ್ಮ" ಅನ್ನುತ್ತಾರೆ. ಕ್ಯಾರಿಯರ್ ತುಂಬುವಾಗ ಅನ್ನದ ಮೇಲೆ ಕೊನೆಯ ಸೌಟು ಹಾಕುವುದು ಅವರೇ. ನಾನು ಸಾಕು ಅಂದರೂ ಕೇಳುವುದಿಲ್ಲ.

ಕೆಜಿಎಫ್‌ಗೆ ತಿಂಗಳಿಗೊಮ್ಮೆ ಹೋಗುತ್ತೇವೆ. ಚಾಂಪಿಯನ್ ರೀಫ್ ಕಡೆ ಮೈನಿಂಗ್ ಲೈನ್ ಮನೆಯಲ್ಲಿ ಒಬ್ಬ ಅಜ್ಜಿ ಒಬ್ಬರೇ ಇದ್ದಾರೆ. ಗಂಡ ಗಣಿಯೊಳಗೆ ಕೆಲಸ ಮಾಡಿದವರು. 3 ಕಿಲೋಮೀಟರಿಗೂ ಆಳ ಇದ್ದ ಗಣಿ ಅದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮಕ್ಕಳು ಕೆಲಸಕ್ಕೆ ಬೆಂಗಳೂರು ಸೇರಿದರು. ಅಜ್ಜಿ ಅರ್ಧ ತಮಿಳು ಅರ್ಧ ಕನ್ನಡ ಮಾತಾಡುತ್ತಾರೆ. ಕ್ಯಾರಿಯರ್ ಅನ್ನು ಯಾವತ್ತೂ ಖಾಲಿ ವಾಪಸ್ ಕೊಟ್ಟಿಲ್ಲ. "ಖಾಲಿ ಪಾತ್ರೆ ಕೊಡಬಾರದಮ್ಮಾ" ಅಂತ ಏನಾದರೂ ಹಾಕುತ್ತಾರೆ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಒಂದು ಸಲ ಒಣಮೀನಿನ ಸಾರು ಕೊಟ್ಟರು. ಎಷ್ಟು ರುಚಿ ಇತ್ತು ಅಂತೀರಾ! ಮಕ್ಕಳು ಡಬ್ಬಿ ಬೆರಳಿನಲ್ಲಿ ಸವರಿ ತಿಂದರು. ವಾಸನೆ ಮಾತ್ರ ಮೂರು ದಿನ ಹೋಗಲಿಲ್ಲ. ಸ್ಟೀಲಿಗಿಂತ ಮುಚ್ಚಳದ ಮಡಿಕೆಯಲ್ಲಿ ಅದು ಸೇರಿಕೊಳ್ಳುತ್ತದೆ. ಹಳೇ ಟೂತ್‌ಬ್ರಷ್ ತಗೊಂಡು ಆ ಮಡಿಕೆಯನ್ನು ಕಡ್ಲೆಹಿಟ್ಟಿನಲ್ಲಿ ಉಜ್ಜಿ, ನಿಂಬೆಸಿಪ್ಪೆ ಸವರಿ, ಬಿಸಿಲಿಗೆ ಇಟ್ಟರೆ ಹೋಗುತ್ತದೆ.

ಮೇ ತಿಂಗಳಲ್ಲಿ ನಮ್ಮ ಮದುವೆಗೆ ಹದಿನೈದು ವರ್ಷ ತುಂಬಿತು. ನಾವು ನಾಲ್ವರೇ ಎಲ್ಲಿಗೂ ಹೋಗಿರಲಿಲ್ಲ. ಈ ಸಲ ಹಗಲು ರೈಲಿನಲ್ಲಿ ಮಂಗಳೂರಿಗೆ ಹೋದೆವು. ಚಿತ್ರಾನ್ನ, ಚಪಾತಿ, ಎಣ್ಣೆಗಾಯಿ, ಮೇಲಿನ ಡಬ್ಬಿಗೆ ಕೊಬ್ಬರಿ ಮಿಠಾಯಿ. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯದವರೆಗೆ 57 ಸುರಂಗ. ಮಗಳು ಬೆರಳು ಮಡಿಸಿ ಎಣಿಸುತ್ತಾ ಕೂತಳು, ಚಪಾತಿ ತಿನ್ನಲು ಕೈ ಬಿಡುವಿಲ್ಲ. ಅವಳಣ್ಣನೇ ತುತ್ತು ಮಾಡಿ ತಿನ್ನಿಸಿದ. ಮಂಗಳೂರಿನಲ್ಲಿ ಬಲ್ಮಠಕ್ಕೆ ಹೋದೆವು. ಬಾಸೆಲ್ ಮಿಷನ್ನಿನವರು 1834ರಲ್ಲಿ ಬಂದ ಊರು. ಅದೇ ಮಿಷನ್ನಿನ ಮೊಗ್ಲಿಂಗ್ ಅವರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ತಂದಿದ್ದು ಇಲ್ಲಿಂದಲೇ. ಇವರು ಅಲ್ಲಿನ ಮರಗಳ ಕೆಳಗೆ ಬಹಳ ಹೊತ್ತು ಸುಮ್ನೆ ನಿಂತಿದ್ದರು. ಯಾರ ಮನೆಗೂ ಹೋಗಬೇಕಾಗಿಲ್ಲದ, ಯಾರಿಗೂ ಪ್ರಸಂಗ ಮಾಡಬೇಕಾಗಿಲ್ಲದ ಮೂರು ದಿನ ಅವರಿಗೆ ಸಿಕ್ಕಿದ್ದು ಅದೇ ಮೊದಲು. ಪ್ರಯಾಣಕ್ಕೆ ಈ ಕ್ಯಾರಿಯರ್ ಒಳ್ಳೆಯದೇ, ಆದರೆ ರೈಲಿನ ಸೀಟಿನ ಮೇಲೆ ನಿಲ್ಲುವುದಿಲ್ಲ. ಎತ್ತರ ಜಾಸ್ತಿ, ತಳ ಸಣ್ಣದು. ಕಾಲ ಹತ್ತಿರ ಇಟ್ಟುಕೊಳ್ಳಬೇಕು.

ಅಲ್ಲಿಂದ ಬಂದು ಒಂದು ತಿಂಗಳೂ ಆಗಿರಲಿಲ್ಲ, ಅತ್ತೆಗೆ ಆಪರೇಷನ್ ಆಗಬೇಕು ಅಂದರು. ವೆಲ್ಲೂರಿನ ಸಿ.ಎಂ.ಸಿ.ಗೆ ಹೋದೆವು. ಮುಳಬಾಗಿಲು, ಪಲಮನೇರು, ಚಿತ್ತೂರು ದಾಟಿ ಹೋಗಬೇಕು. 1900ರಲ್ಲಿ ಐಡಾ ಸ್ಕಡರ್ ಒಂದೇ ಹಾಸಿಗೆಯಿಂದ ಶುರು ಮಾಡಿದ ಆಸ್ಪತ್ರೆ ಅದು. ನಾನು ಹನ್ನೆರಡು ದಿನ ಅಲ್ಲಿದ್ದೆ. ಹೊರಗೆ ರೂಮು ಮಾಡಿಕೊಂಡು ಸಣ್ಣ ಸ್ಟೌವಿನಲ್ಲಿ ಅಡುಗೆ ಮಾಡುತ್ತಿದ್ದೆ. ಡಾಕ್ಟರು ಗಂಜಿ ಕೊಡಬಹುದು ಅಂದ ದಿನ ರಾಗಿ ಗಂಜಿ ಮಾಡಿ ಕೆಳಗಿನ ಡಬ್ಬಿಗೆ ಹಾಕಿ ಓಡಿದೆ. ಅತ್ತೆ ಎರಡು ಗುಟುಕು ಕುಡಿದು, ಪಕ್ಕದ ಮಂಚದವರ ಕಡೆ ನೋಡಿ "ಅವರಿಗೂ ಕೊಡು" ಅಂದರು. ಅವರಿಗೆ ನಮ್ಮ ಗಂಜಿ ಕೊಡುವ ಹಾಗಿರಲಿಲ್ಲ. ಅವರ ಮಗಳಿಗೆ ಊಟ ಕೊಟ್ಟೆ. ಭಾಷೆ ಗೊತ್ತಿಲ್ಲದ ಹುಡುಗಿ. ಮರುದಿನ ಡಬ್ಬಿ ತೊಳೆದು, ಒರೆಸಿ, ಒಳಗೆ ಎರಡು ಬಾಳೆಹಣ್ಣು ಇಟ್ಟು ವಾಪಸ್ ಕೊಟ್ಟಳು. ಕೆಜಿಎಫ್ ಅಜ್ಜಿಯ ಮಾತು ಅವಳಿಗೂ ಯಾರೋ ಹೇಳಿಕೊಟ್ಟಿರಬೇಕು.

ಊರಿನಲ್ಲಿ ಆ ಹನ್ನೆರಡು ದಿನ ಇವರಿಗೂ ಮಕ್ಕಳಿಗೂ ಊಟ ತಂದುಕೊಟ್ಟಿದ್ದು ಸ್ತ್ರೀಯರ ಸಂಘದವರು. ದಿನಕ್ಕೊಂದು ಮನೆಯಿಂದ ಕ್ಯಾರಿಯರ್ ಬಂತಂತೆ. ನಾನು ಊರಿಗೆ ಬಂದಾಗ ಅಡುಗೆಮನೆಯಲ್ಲಿ ಮೂರು ಬೇರೆ ಬೇರೆ ಕ್ಯಾರಿಯರ್‌ಗಳಿದ್ದವು. ಯಾರದು ಯಾವುದು ಅಂತ ಗೊತ್ತಾಗಿದ್ದು ಮೇಲೆ ಕೆತ್ತಿಸಿದ ಹೆಸರಿನಿಂದ. ತಗೊಂಡಾಗ ಅಂಗಡಿಯಲ್ಲೇ ಹೆಸರು ಕೆತ್ತಿಸಿಬಿಡಿ. ಎಲ್ಲ ಡಬ್ಬಿಗೂ ಕೆತ್ತಿಸಿ, ಮುಚ್ಚಳ ಮರೆಯಬೇಡಿ. ನಮ್ಮದರಲ್ಲಿ ಸಣ್ಣ ಶಿಲುಬೆ, ಕೆಳಗೆ ಕೋಲಾರ ಅಂತ ಇದೆ. ಕೆತ್ತುವವರು ಮುಸಲ್ಮಾನ ಹಿರಿಯರು. ಗುರುತಿಗೆ ಏನು ಹಾಕಲಿ ಅಂತ ಕೇಳಿ, ಅಳತೆಪಟ್ಟಿ ಇಟ್ಟು ಶಿಲುಬೆಯ ಎರಡೂ ತೋಳು ಸಮ ಬಂತಾ ಅಂತ ಕನ್ನಡಕ ಏರಿಸಿ ಎರಡು ಸಲ ನೋಡಿದರು. ವರ್ಷ ಉಜ್ಜಿದರೂ ಗೆರೆ ಮಾಸಿಲ್ಲ.

ನವೆಂಬರಿನಲ್ಲಿ ನಮ್ಮ ಸಭೆಯ ಸುಗ್ಗಿ ಹಬ್ಬದಲ್ಲಿ ಎಡಗಡೆಯ ಪಟ್ಟಿ ಬಗ್ಗಿತು. ರಾಗಿ ಮೂಟೆ, ಕುಂಬಳಕಾಯಿ, ಟೊಮೇಟೊ ಬಾಕ್ಸು, ಎರಡು ನಾಟಿ ಕೋಳಿ, ಎಲ್ಲ ಹರಾಜಿಗೆ ಇಟ್ಟಿದ್ದರು. ಅದರ ಮಧ್ಯೆ ಕ್ಯಾರಿಯರ್ ಮೇಲೆ ಯಾರೋ ಕುಂಬಳಕಾಯಿ ಇಟ್ಟಿದ್ದಾರೆ. ಇಕ್ಕಳದಲ್ಲಿ ಬಗ್ಗಿಸಿ ನೇರ ಮಾಡಿದೆವು, ಆದರೆ ಮೊದಲಿನ ಬಿಗಿ ಇಲ್ಲ. ಪಟ್ಟಿ ಮಾತ್ರ ಬೇರೆಯಾಗಿ ಸಿಗುತ್ತಾ ಅಂತ ಅದೇ ಅಂಗಡಿಯಲ್ಲಿ ಕೇಳಿದೆ. ಸಿಗುವುದಿಲ್ಲವಂತೆ. ಇದು ನನಗೆ ಬೇಜಾರು ತಂದ ವಿಷಯ. ಡಬ್ಬಿಗಳು ಇನ್ನೂ ಹತ್ತು ವರ್ಷ ಬರುತ್ತವೆ, ಒಂದು ಪಟ್ಟಿಗಾಗಿ ಪೂರ್ತಿ ಹೊಸದು ತಗೊಳ್ಳಿ ಅಂದರೆ ಹೇಗೆ? ಕೊನೆಗೆ ಒಬ್ಬ ವೆಲ್ಡಿಂಗ್ ಹುಡುಗ ನಲವತ್ತು ರೂಪಾಯಿಗೆ ಒಂದು ಕೊಂಡಿ ಕೂರಿಸಿಕೊಟ್ಟ. ಈಗ ಮೊದಲಿಗಿಂತ ಗಟ್ಟಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಸ್ಟೀಲಿಗೂ ಆ ಸೊಟ್ಟ ಬಾಯಿಗೂ ಸೇರಿ ಒಂದು ಕಮ್ಮಿ. ಮತ್ತೆ ತಗೊಂಡರೆ ನಾಲ್ಕು ಡಬ್ಬಿಯದ್ದೇ ತಗೊಳ್ಳುತ್ತೇನೆ. ಮೂರು ಸಾಲದು, ಐದಾದರೆ ಬಸ್ಸಿನಲ್ಲಿ ಹಿಡಿಯುವುದು ಕಷ್ಟ.

ಇಲ್ಲಿ ಒಂದು ಫೋಟೋ ಹಾಕೋಣ ಅಂದುಕೊಂಡಿದ್ದೆ. ಆದರೆ ಕ್ಯಾರಿಯರ್ ಈಗ ಮನೆಯಲ್ಲಿಲ್ಲ. ಹೋದ ಗುರುವಾರ ಕಜ್ಜಾಯ, ಕರ್ಜಿಕಾಯಿ, ನಿಪ್ಪಟ್ಟು ತುಂಬಿ ಮುಳಬಾಗಿಲಿನ ತಾತನ ಮನೆಗೆ ಕೊಟ್ಟು ಬಂದೆವು. ತಾತ ಈಗ ಎಡಗೈಯಲ್ಲಿ ತಾವೇ ತಿನ್ನುತ್ತಾರೆ. ಭಾನುವಾರ ಆರಾಧನೆಗೆ ಬರುವಾಗ ಅವರ ಸೊಸೆ ತಂದುಕೊಡುತ್ತಾರೆ.