ಸೌದೆ ಕೊಟ್ಟಿಗೆಯ ಗೋಡೆಗೆ ಸಿಲ್ವರ್ ಓಕ್ ಹಲಗೆಯೋ, ಅಡಿಕೆ ದಬ್ಬೆಯೋ?

ಮಲೆನಾಡಿನ ತೋಟದ ಮನೆಗೆ ಒಣ ಸೌದೆ ಅತಿ ಹೆಚ್ಚು ಬೇಕಾಗುವುದು ಅಡಿಕೆ ಕೊಯ್ಲು ಆರಂಭವಾದಾಗ, ಅಂದರೆ ನಾಲ್ಕು ತಿಂಗಳ ಮಳೆ ಮುಗಿದ ಬೆನ್ನಿಗೇ. ಬಚ್ಚಲೊಲೆಗೆ ಸ್ವಲ್ಪ ಹಸಿ ಕಟ್ಟಿಗೆಯಾದರೂ ನಡೆದೀತು. ಅಡಿಕೆ ಬೇಯಿಸುವ ಹಂಡೆಯ ಕೆಳಗೆ ಹೊಗೆಯಾಡುವ ಕಟ್ಟಿಗೆ ಇಟ್ಟರೆ ಕುದಿ ನಿಂತು ಇಡೀ ದಿನದ ಕೆಲಸ ಹಿಂದೆ ಬೀಳುತ್ತದೆ. ಆದ್ದರಿಂದ ಸೌದೆ ಕೊಟ್ಟಿಗೆ ಮಳೆಯ ಎರಚಲನ್ನು ತಡೆದರೆ ಸಾಲದು, ಮಳೆಗಾಲದ ಉದ್ದಕ್ಕೂ ಒಳಗೆ ಗಾಳಿಯಾಡುವಂತೆಯೂ ಇರಬೇಕು. ಸಾಗರದ ಕಡೆಯ ನಮ್ಮ ತೋಟದಲ್ಲಿ ಕಟ್ಟಿದ ಕೊಟ್ಟಿಗೆಯ ಪಡುವಣ ಗೋಡೆಯ ಅರ್ಧಕ್ಕೆ ಮನೆಯಲ್ಲೇ ಕೊಯ್ದ ಸಿಲ್ವರ್ ಓಕ್ ಹಲಗೆಯನ್ನೂ ಉಳಿದರ್ಧಕ್ಕೆ ಅಡಿಕೆ ದಬ್ಬೆಯನ್ನೂ, ಅಂದರೆ ಅಡಿಕೆ ಮರವನ್ನು ಸೀಳಿ ಮಾಡಿದ ಪಟ್ಟಿಗಳನ್ನೂ ಹಾಕಿಸಿದೆ. ಒಂದೇ ಗಾಳಿಮಳೆಗೆ ಎರಡೂ ಮೈಯೊಡ್ಡಿರುವುದರಿಂದ ಹೋಲಿಕೆಗೆ ಅರ್ಥವಿದೆ ಎಂದು ನಂಬಿದ್ದೇನೆ.

ಸಿಲ್ವರ್ ಓಕನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳವಾಗಿದೆ. ಕಾಳುಮೆಣಸಿನ ಬಳ್ಳಿಗೆಂದು ಬೆಳೆಸಿದ ಮರಗಳು ನೆಟ್ಟಗೆ ಎತ್ತರಕ್ಕೆ ಹೋಗಿದ್ದವು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಮರವನ್ನು ಕಡಿಯಲು ಅನುಮತಿಯೂ ಬೇಕಿಲ್ಲ. ದಿಮ್ಮಿಯನ್ನು ಸಾಮಿಲ್‌ಗೆ ಸಾಗಿಸುವ ಬದಲು ಬಿದ್ದಲ್ಲಿಯೇ, ಚೈನ್‌ಸಾಗೆ ಹಳಿಯಂಥ ಚೌಕಟ್ಟು ಜೋಡಿಸಿ ಕೊಯ್ಯಿಸಿದೆವು. ಇದರಲ್ಲಿ ಮರ ನಷ್ಟವಾಗುವುದು ನಿಜ. ಚೈನ್‌ಸಾದ ಸರಪಳಿ ಪ್ರತಿ ಕೊಯ್ತಕ್ಕೂ ಸುಮಾರು 8 ಮಿ.ಮೀ. ಮರವನ್ನು ಹೊಟ್ಟಾಗಿಸಿದರೆ ಸಾಮಿಲ್‌ನ ಪಟ್ಟಿ ಗರಗಸ ತೆಗೆಯುವುದು ಸುಮಾರು 2 ಮಿ.ಮೀ. ಮಾತ್ರ, 300 ಮಿ.ಮೀ. ದಪ್ಪದ ತೊಲೆಯಿಂದ 25 ಮಿ.ಮೀ. ಹಲಗೆಗಳು ಅಲ್ಲಿ ಹನ್ನೊಂದು ಬಂದರೆ ಇಲ್ಲಿ ಒಂಬತ್ತೇ. ಆದರೂ ತೋಟದ ಇಳಿಜಾರಿನಿಂದ ಇಡೀ ದಿಮ್ಮಿಯನ್ನು ರಸ್ತೆಗೆ ಏರಿಸುವ ಕಷ್ಟವನ್ನು ಬಲ್ಲವರು ಆ ಎರಡು ಹಲಗೆಗಳಿಗಾಗಿ ಚಿಂತಿಸಲಾರರು.

ಹಸಿ ಹಲಗೆಯ ಸ್ವಭಾವವನ್ನು ಮಾತ್ರ ತಿಳಿದಿರಲೇಬೇಕು. ಮರ ಒಣಗುವಾಗ ಅದರ ಬೆಳವಣಿಗೆಯ ಬಳೆಗಳ ಸುತ್ತಳತೆಯ ದಿಕ್ಕಿನಲ್ಲಿ ಆಗುವ ಕುಗ್ಗುವಿಕೆ ನಡುವಿನಿಂದ ಹೊರಮುಖವಾಗಿ ಆಗುವುದಕ್ಕಿಂತ ಹೆಚ್ಚಾಗಿರುವುದರಿಂದ, ಹಲಗೆಯ ತೊಗಟೆಯ ಬದಿ ಒಳಕ್ಕೆ ತಗ್ಗಿ ಅಂಚುಗಳು ಆ ಕಡೆಗೆ ಏಳುತ್ತವೆ. ತಿರುಳಿನ ಬದಿಯನ್ನು ಹೊರಗಿಟ್ಟು ಹೊಡೆದ ಹಲಗೆಗಳ ಅಂಚು ಚೌಕಟ್ಟಿಗೆ ಒತ್ತಿಕೊಂಡು ನಿಂತಿತು. ತೊಗಟೆಯ ಬದಿ ಹೊರಗಿದ್ದವುಗಳಲ್ಲಿ ಅಂಚೆದ್ದು ನೀರು ಒಳಗಿಳಿಯಿತು. ಎಲ್ಲ ಜಾಗ್ರತೆ ವಹಿಸಿದ ಮೇಲೂ ಹಲಗೆ ಗೋಡೆಯ ಹಿಂದೆ ಪೇರಿಸಿದ ಸೌದೆಯ ಮೇಲೆ ಆಗಸ್ಟ್ ಹೊತ್ತಿಗೆ ಬಿಳಿ ಬೂಷ್ಟು ಕಾಣಿಸಿಕೊಂಡಿತು, ಏಕೆಂದರೆ ಎರಚಲು ನಿಂತಂತೆ ಗಾಳಿಯೂ ನಿಂತಿತ್ತು.

ದಬ್ಬೆಯ ಕಡೆ ಪರಿಸ್ಥಿತಿ ಬೇರೆಯಾಗಿತ್ತು. ಸತ್ತ ಅಡಿಕೆ ಮರವನ್ನು ಸೀಳಿ, ಒಳಗಿನ ಮೆತ್ತನೆಯ ತಿರುಳನ್ನು ಕತ್ತಿಯಿಂದ ಪೂರ್ತಿ ಕೆತ್ತಿ ತೆಗೆದು, ಗಟ್ಟಿ ಹೊರಮೈಯನ್ನು ಮಳೆಯ ಕಡೆಗೆ ತಿರುಗಿಸಿ, ಬೆರಳು ತೂರುವಷ್ಟು ಸಂದು ಬಿಟ್ಟು ಜೋಡಿಸಬೇಕು. ತಿರುಳು ಉಳಿದರೆ ಅದು ನೀರು ಹೀರಿಕೊಂಡು ಕೊಳೆಯುತ್ತದೆ, ಗೆದ್ದಲನ್ನೂ ಕರೆಯುತ್ತದೆ. ನೇರವಾಗಿ ಮೊಳೆ ಹೊಡೆದರೆ ದಬ್ಬೆ ಉದ್ದಕ್ಕೂ ಸೀಳುವುದರಿಂದ ಮೊದಲು ಬೈರಿಗೆಯಿಂದ ತೂತು ಕೊರೆಯುವುದು ಅಗತ್ಯ. ಈ ಸಂದುಗಳ ಮೂಲಕ ಒಂದಿಷ್ಟು ಎರಚಲು ಒಳಬಂದು ಹೊರಸಾಲಿನ ಕಟ್ಟಿಗೆ ನೆನೆಯುತ್ತದೆ, ಆದರೆ ಮಳೆ ಹೊಳವಾದೊಡನೆ ಅದೇ ಸಂದಿನ ಗಾಳಿಗೆ ಆರುತ್ತದೆ. ಬೂಷ್ಟು ಆ ಭಾಗದಲ್ಲಿ ಕಾಣಲೇ ಇಲ್ಲ. ದಬ್ಬೆ ಹಲಗೆಯಷ್ಟು ಕಾಲ ಬಾಳದಿರಬಹುದು. ಆದರೆ ಅಡಿಕೆ ತೋಟದಲ್ಲಿ ವರ್ಷವೂ ಒಂದಿಷ್ಟು ಮರ ಬೀಳುತ್ತಲೇ ಇರುವುದರಿಂದ ಬದಲಿಸುವುದು ಹೊರೆಯಲ್ಲ. ಗೋಡೆಗೆ ದಬ್ಬೆಯೇ ಮೇಲು ಎಂದು ನಾನು ಯಾವ ಸಂಶಯವೂ ಇಲ್ಲದೆ ಹೇಳುತ್ತೇನೆ.

ಕೊಯ್ಯಿಸಿದ ಸಿಲ್ವರ್ ಓಕಿಗೆ ತಕ್ಕ ಜಾಗ ಮಾಡಿನಲ್ಲಿ, ಅಂದರೆ ಚಾವಣಿಯಲ್ಲಿದೆ. ಮಾಡಿನ ಇಳಿಜಾರು ತೊಲೆಗಳಾದ ಪಕಾಸು, ಅವುಗಳ ಮೇಲೆ ಅಡ್ಡಕ್ಕೆ ಹೊಡೆಯುವ ರೀಪುಗಳಿಗೆ ಅದು ಹಗುರವಾಗಿ, ನೆಟ್ಟಗೆ ಒದಗುತ್ತದೆ. ಅದಕ್ಕೆ ಬೇಗ ಕುಟ್ಟೆ (ಮರ ಕೊರೆಯುವ ಹುಳು) ಹಿಡಿಯುವುದರಿಂದ ಒಂದು ಪಾಲು ಬೋರಿಕ್ ಆಸಿಡ್ಡಿಗೆ ಒಂದೂವರೆ ಪಾಲು ಬೋರಾಕ್ಸ್ ಸೇರಿಸಿದ ದ್ರಾವಣದಲ್ಲಿ ನೆನೆಸಿ ಬಳಸುವುದು ಒಳ್ಳೆಯದು. ಈ ಉಪ್ಪುಗಳು ಮಳೆನೀರಿಗೆ ತೊಳೆದುಹೋಗುವುದರಿಂದ ಹೊರಗೋಡೆಯ ಹಲಗೆಗೆ ಈ ರಕ್ಷಣೆ ಉಳಿಯದು, ಮಾಡಿನ ಅಡಿಯ ಮರಕ್ಕೆ ಉಳಿಯುತ್ತದೆ. ಕಂಬಕ್ಕೆ ಮಾತ್ರ ಸಿಲ್ವರ್ ಓಕ್ ಬೇಡ. ಅಕೇಶಿಯಾದ ಚೇಗು, ಅಂದರೆ ನಡುವಿನ ಬಲಿತ ಮರ, ಅದಕ್ಕಿಂತ ಎಷ್ಟೋ ಗಟ್ಟಿ. ಅದರ ಕಂಬಗಳನ್ನೂ ಮಣ್ಣಿನಲ್ಲಿ ಹೂಳದೆ ಜಂಬಿಟ್ಟಿಗೆ ಕಲ್ಲಿನ ಮೇಲೆ ನಿಲ್ಲಿಸಿದ್ದೇವೆ.

ಹೊದಿಕೆಗೆ ಮಂಗಳೂರು ಹೆಂಚು ನೋಡಲು ಚೆಂದವಾದರೂ ಮಂಗಗಳ ಓಡಾಟಕ್ಕೆ ಒಡೆಯುತ್ತದೆ, ಒಂದು ಒಡೆದ ಹೆಂಚಿನಿಂದ ಒಂದು ಸಾಲು ಸೌದೆ ಹಾಳಾಗುತ್ತದೆ. ಹೀಗಾಗಿ ಶೀಟನ್ನೇ ಹೊದಿಸಿ, ಪಡುವಣ ಬದಿಯ ಸೂರನ್ನು ಗೋಡೆಯಿಂದ ಮೂರು ಅಡಿ ಮುಂದಕ್ಕೆ ಚಾಚಿಸಿದ್ದೇವೆ.