ಐದು ವರ್ಷ ಮನೆಯಲ್ಲೇ ಹೊಸ ಸಿನಿಮಾ: ಬಳ್ಳಾರಿಯ ಚಂದಾದಾರನೊಬ್ಬನ ಅನುಭವ

2020ರ ಜುಲೈ 17ರಂದು ‘ಲಾ’ ಚಿತ್ರವು ಥಿಯೇಟರಿನ ಮುಖ ಕಾಣದೆ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾದಾಗ, ಅದನ್ನು ನೋಡಲೆಂದೇ ಮೊದಲ ಬಾರಿಗೆ ಚಂದಾ ಕಟ್ಟಿದೆ. ಅಂದಿನಿಂದ ಬಳ್ಳಾರಿಯ ನಮ್ಮ ಮನೆಗೆ 43 ಇಂಚಿನ ಟಿ.ವಿ.ಯೇ ಟಾಕೀಸು. ಐದು ವರ್ಷ ಮೀರಿದ ಈ ಬಳಕೆಗೆ ನಾನು ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಅಮ್ಮನನ್ನು ಕೇಳಿದರೆ ಐದೂ ಕೊಟ್ಟಾರು.

ಮಂಡಿನೋವಿನಿಂದಾಗಿ ಬಾಲ್ಕನಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದ ಅವರು ಈಗ ಹೊಸ ಚಿತ್ರಗಳನ್ನು ಬಿಡದೆ ನೋಡುತ್ತಾರೆ. ಆದರೆ ಕಥೆ ಬಿಗಿಯಾಗುವ ಹೊತ್ತಿಗೇ “ಸ್ವಲ್ಪ ನಿಲ್ಸಪಾ, ಒಲಿ ಮ್ಯಾಲ ಹಾಲೈತಿ” ಎನ್ನುತ್ತಾರೆ. ಅವರು ಮರಳಿ ಬಂದು ಕೂರುವಷ್ಟರಲ್ಲಿ ನನ್ನ ಕೈಗೆ ಮೊಬೈಲು ಬಂದಿರುತ್ತದೆ.

ಚಿತ್ರ ಚೆನ್ನಾಗಿ ಕಾಣುವುದಿಲ್ಲವೆಂಬ ನನ್ನ ದೂರಿಗೆ ಟಿ.ವಿ.ಯ ಸೆಟ್ಟಿಂಗೇ ಕಾರಣವೆಂದು ತಿಳಿಯಲು ಒಂದು ವರ್ಷ ಹಿಡಿಯಿತು. ಸಿನಿಮಾವನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮುಗಳಂತೆ, ಅಂದರೆ 24 ಬಿಡಿ ಚಿತ್ರಗಳಂತೆ, ಚಿತ್ರೀಕರಿಸಿರುತ್ತಾರೆ, ಟಿ.ವಿ.ಯ ‘ಮೋಷನ್ ಸ್ಮೂದಿಂಗ್’ ವ್ಯವಸ್ಥೆಯು ನಡುನಡುವೆ ಇಲ್ಲದ ಫ್ರೇಮುಗಳನ್ನು ತಾನೇ ಹುಟ್ಟಿಸಿ ತುಂಬುವುದರಿಂದ ಎಷ್ಟು ದುಬಾರಿ ಚಿತ್ರವಾದರೂ ಸಂಜೆಯ ಧಾರಾವಾಹಿಯಂತೆ ಕಾಣುತ್ತದೆ. ಅದನ್ನು ಆಫ್ ಮಾಡಿದ ಮೇಲೆ ಸರಿಹೋಯಿತು. ಧ್ವನಿಯ ತೊಂದರೆ ಇನ್ನೂ ಪೂರ್ತಿ ನೀಗಿಲ್ಲ. 5.1 ಚಾನೆಲ್‌ಗಳಿಗಾಗಿ, ಅಂದರೆ ಸುತ್ತಲೂ ಇಡುವ ಆರು ಸ್ಪೀಕರುಗಳಿಗಾಗಿ, ಸಿದ್ಧಪಡಿಸಿದ ಧ್ವನಿಯಲ್ಲಿ ಸಂಭಾಷಣೆಯು ಹೆಚ್ಚಾಗಿ ನಡುವಿನ ಸ್ಪೀಕರಿನಿಂದಲೇ ಬರುತ್ತದೆ, ಅದನ್ನು ಟಿ.ವಿ.ಯ ಎರಡು ಪುಟ್ಟ ಸ್ಪೀಕರುಗಳಿಗೆ ಇಳಿಸಿದಾಗ ಮಾತು ಕ್ಷೀಣಿಸುತ್ತದೆ, ಮಾತು ಕೇಳಲೆಂದು ವಾಲ್ಯೂಮ್ ಏರಿಸಿದರೆ ಮುಂದಿನ ಹೊಡೆದಾಟಕ್ಕೆ ಪಕ್ಕದ ಮನೆಯವರು ಎಚ್ಚರಗೊಳ್ಳುತ್ತಾರೆ. ಇನ್ನು ಅಗಲವು ಎತ್ತರದ 2.39 ಪಟ್ಟು ಇರುವ ಸ್ಕೋಪ್ ಚಿತ್ರವಾದರೆ, ಮೇಲೂ ಕೆಳಗೂ ಕಪ್ಪು ಪಟ್ಟಿ ಬಂದು ಪರದೆಯ ಕಾಲು ಭಾಗವೇ ಹೋಗುತ್ತದೆ. ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ.

ಚಂದಾದ ಹೊರತಾಗಿ ಒಂದೊಂದು ಚಿತ್ರಕ್ಕೆ ಬೇರೆಯಾಗಿ ಹಣ ಕೊಟ್ಟು ನೋಡುವ ಬಾಡಿಗೆಯ ವ್ಯವಸ್ಥೆಯಲ್ಲಿ ಒಮ್ಮೆ ಏಟು ತಿಂದಿದ್ದೇನೆ. ಹಣ ಕೊಟ್ಟ ಮೇಲೆ ನೋಡಲು ಆರಂಭಿಸುವುದಕ್ಕೆ 30 ದಿನ, ಆರಂಭಿಸಿದ ಮೇಲೆ ಮುಗಿಸುವುದಕ್ಕೆ 48 ಗಂಟೆ ಎಂಬುದು ನಿಯಮ. ಶನಿವಾರ ರಾತ್ರಿ ಅರ್ಧ ನೋಡಿದ್ದೆವು, ಭಾನುವಾರ ಬೀಗರು ಬಂದರು, ಸೋಮವಾರ ರಾತ್ರಿ ತೆರೆದರೆ ಮತ್ತೆ ಹಣ ಕೇಳಿತು. ಆ ಚಿತ್ರದ ಉತ್ತರಾರ್ಧವನ್ನು ನಾನು ಇಂದಿಗೂ ನೋಡಿಲ್ಲ.

2022ರ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’ ಪ್ರೈಮ್‌ಗೆ ಬಂದದ್ದು ನವೆಂಬರ್ 24ಕ್ಕೆ. ಆ ಸುಮಾರು ಎಂಟು ವಾರಗಳಲ್ಲಿ ಮಿರ್ಚಿ ಬಂಡಿಯ ಮುಂದೆ ನಿಂತವರೆಲ್ಲ ಅದರ ಕೊನೆಯ ದೃಶ್ಯವನ್ನೇ ಬಣ್ಣಿಸುತ್ತಿದ್ದುದರಿಂದ ನಾನು ಕಾಯಲಾರದೆ ಥಿಯೇಟರಿಗೆ ಹೋದೆ. ಅಲ್ಲಿ ಎ.ಸಿ. ಹೆಸರಿಗಷ್ಟೇ ಇತ್ತು, ಮುಂದಿನ ಸಾಲಿನವನೊಬ್ಬ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ. ಹಾಗಿದ್ದರೂ ಎರಡೂವರೆ ಗಂಟೆ ನನ್ನ ಮೊಬೈಲು ಜೇಬಿನಿಂದ ಹೊರಬರಲಿಲ್ಲ. ಈಗ ಚಂದಾವನ್ನು ಅಮ್ಮನಿಗಾಗಿ ನವೀಕರಿಸುತ್ತೇನೆ, ನನ್ನ ಟಿಕೆಟ್ಟಿಗೆ ಬೇರೆಯಾಗಿ ಹಣ ಎತ್ತಿಡುತ್ತೇನೆ.