ರೆಡಿ ಪ್ಲೇಯರ್ ಒನ್: ಪುಸ್ತಕನಾ, ಆಡಿಯೋನಾ, ಸಿನಿಮಾನಾ, ಇಲ್ಲ ಪಕ್ಕದಲ್ಲಿ ಗೇಮ್ ಇಟ್ಕೊಂಡು ಓದೋದಾ?

ಅರ್ನೆಸ್ಟ್ ಕ್ಲೈನ್ ಬರೆದಿರೋ ರೆಡಿ ಪ್ಲೇಯರ್ ಒನ್ 2011ರಲ್ಲಿ ಬಂದ ಕಾದಂಬರಿ, ಅದನ್ನ ನಾನು ನಾಲ್ಕು ಥರ ಟ್ರೈ ಮಾಡಿದೀನಿ. ಮೊದಲು ಪುಸ್ತಕ ಓದ್ದೆ, ಆಮೇಲೆ ವಿಲ್ ವೀಟನ್ ಓದಿರೋ ಆಡಿಯೋಬುಕ್ ಕೇಳ್ದೆ, 2018ರ ಸ್ಪೀಲ್‌ಬರ್ಗ್ ಸಿನಿಮಾ ನೋಡ್ದೆ, ಕೊನೆಗೆ ಅದರೊಳಗೆ ಬರೋ ಹಳೇ ಗೇಮ್‌ಗಳನ್ನ ಒಂದೊಂದಾಗಿ ಆಡ್ತಾ ಪುಸ್ತಕನ ಮತ್ತೆ ಓದ್ದೆ. ಯಾವುದು ಚೆನ್ನಾಗಿದೆ ಅಂತ ಕೇಳಿದ್ರೆ ಕೊನೇದು ಅಂತ ಈಗ್ಲೇ ಹೇಳ್ಬಿಡ್ತೀನಿ, ಆದ್ರೆ ಬೇರೆ ಮೂರರಲ್ಲೂ ಅದರದೇ ಆದ ಒಂದೊಂದು ಸುಖ ಇದೆ, ಅದನ್ನೂ ಹೇಳ್ಬೇಕು. ಮುಂದೆ ಕಥೆಯ ಗುಟ್ಟು ಬೇಕಾದಷ್ಟು ಬರುತ್ತೆ, ಇನ್ನೂ ಓದಿಲ್ದೋರು ನೋಡ್ಕೊಂಡು ಮುಂದೆ ಹೋಗಿ.

ಕಥೆ ಗೊತ್ತಿಲ್ದೋರಿಗೆ ಚಿಕ್ಕದಾಗಿ. 2045ರ ಆಸುಪಾಸು, ಲೋಕ ಹಾಳಾಗಿದೆ, ಜನ ಓಯಸಿಸ್ ಅನ್ನೋ ವರ್ಚುವಲ್ ರಿಯಾಲಿಟಿ ಲೋಕದೊಳಗೇ ಬದುಕ್ತಾ ಇದಾರೆ. ಅದನ್ನ ಕಟ್ಟಿದ ಜೇಮ್ಸ್ ಹ್ಯಾಲಿಡೇ ಸಾಯೋ ಮುಂಚೆ ಒಳಗೆಲ್ಲೋ ಒಂದು ಈಸ್ಟರ್ ಎಗ್, ಅಂದ್ರೆ ಗೇಮ್ ಮಾಡಿದೋರು ಅದರೊಳಗೆ ಅಡಗಿಸಿಡೋ ಗುಟ್ಟು, ಬಚ್ಚಿಟ್ಟಿದಾನೆ, ಮೂರು ಕೀ, ಮೂರು ಗೇಟ್ ದಾಟಿ ಯಾರು ಅದನ್ನ ಹುಡುಕ್ತಾರೋ ಅವರಿಗೆ ಅವನ ಆಸ್ತಿ ಪೂರ್ತಿ. ಹ್ಯಾಲಿಡೇ 80ರ ದಶಕದಲ್ಲಿ ಬೆಳೆದೋನು, ಹಾಗಾಗಿ ಸುಳಿವೆಲ್ಲ ಆ ಕಾಲದ ಗೇಮ್, ಸಿನಿಮಾ, ಹಾಡಿನೊಳಗೇ ಇರುತ್ತೆ. ಆ ದಶಕ ನಂದಲ್ಲ. ಆ ಆರ್ಕೇಡ್ ಮೆಷಿನ್‌ಗಳ ಮುಂದೆ ನಾನು ನಿಂತಿಲ್ಲ, ಆ ಕನ್ಸೋಲ್ ನಾನು ಕಂಡಿಲ್ಲ. ಹಂಗಿದ್ಮೇಲೆ ಬೇರೆಯವರ ನೆನಪಿನ ಮೇಲೆ ನಿಂತಿರೋ ಕಥೆ ನನ್ನ ಒಳಗೆ ಇಳಿಯೋದು ಹೇಗೆ, ನಾಲ್ಕನ್ನೂ ನಾನು ಅಳೆದಿದ್ದು ಇದೊಂದೇ ಅಳತೆಗೋಲಿನಲ್ಲಿ.

ಮೊದಲು ಪುಸ್ತಕ. ಪುಸ್ತಕದ ದೊಡ್ಡ ಶಕ್ತಿ ಆ ಎಗ್ ಹುಡುಕೋ ಹೀರೋ ವೇಡ್‌ನ ಬಡತನ, ಇದನ್ನ ಯಾರೂ ಸರಿಯಾಗಿ ಹೇಳಲ್ಲ. ಒಂದರ ಮೇಲೊಂದು ಟ್ರೇಲರ್ ಮನೆಗಳನ್ನ ಪೇರಿಸಿರೋ ಸ್ಟ್ಯಾಕ್ಸ್ ಅನ್ನೋ ಜಾಗದಲ್ಲಿ ಹುಡುಗ ಇರ್ತಾನೆ, ಓಯಸಿಸ್ ಒಳಗೇ ಸ್ಕೂಲಿಗೆ ಹೋಗ್ತಾನೆ, ಆ ಸ್ಕೂಲ್ ಇರೋದು ಲೂಡಸ್ ಅನ್ನೋ ಗ್ರಹದಲ್ಲಿ. ಓಯಸಿಸ್‌ಗೆ ಲಾಗಿನ್ ಆಗೋದಕ್ಕೆ ಹೆಚ್ಚು ಖರ್ಚಿಲ್ಲ, ಆದ್ರೆ ಒಳಗೆ ಒಂದು ಗ್ರಹದಿಂದ ಇನ್ನೊಂದಕ್ಕೆ ಹೋಗೋಕೆ ದುಡ್ಡು ಬೇಕು, ಇವನ ಹತ್ರ ಅದಿಲ್ಲ, ಹಾಗಾಗಿ ಇಡೀ ಬ್ರಹ್ಮಾಂಡ ಕಣ್ಮುಂದೆ ಇದ್ರೂ ಸ್ಕೂಲ್ ಗ್ರಹದಲ್ಲೇ ಸಿಕ್ಕಾಕೊಂಡಿರ್ತಾನೆ, ಲೆವೆಲ್ ಏರೋಕೂ ಆಗಲ್ಲ. ಕೊನೆಗೆ ನೋಡಿದ್ರೆ ಲೋಕ ಪೂರ್ತಿ ವರ್ಷಗಟ್ಟಲೆ ಹುಡುಕ್ತಿದ್ದ ಮೊದಲ ಕೀ, ತಾಮ್ರದ ಕೀ, ಅದೇ ಗ್ರಹದಲ್ಲಿ ಇರುತ್ತೆ, ದುಡ್ಡಿಲ್ಲದ ಸ್ಕೂಲ್ ಮಕ್ಕಳಿಗೂ ಸಿಗ್ಲಿ ಅಂತಾನೇ ಹ್ಯಾಲಿಡೇ ಅಲ್ಲಿಟ್ಟಿದಾನೆ ಅಂತ ವೇಡ್‌ಗೆ ಹೊಳೆಯೋ ಜಾಗ ಇದೆಯಲ್ಲ, ಅದನ್ನ ಓದುವಾಗ ನನಗೆ ಮೈ ಝುಂ ಅಂದಿತ್ತು. ಒಗಟಿನ ಪದ್ಯ ಬಂದಾಗ ಪುಟ ಹಿಂದೆ ತಿರುಗಿಸಿ ಇನ್ನೊಂದ್ಸಲ ನೋಡಿ ನಾವೂ ತಲೆ ಕೆಡಿಸ್ಕೋಬೋದು, ಆ ಅನುಕೂಲ ಪುಸ್ತಕಕ್ಕೆ ಮಾತ್ರ.

ಕಷ್ಟ ಎಲ್ಲಿ ಅಂದ್ರೆ ಪಟ್ಟಿಗಳಲ್ಲಿ. ವೇಡ್ ಯಾವ್ಯಾವ ಸಿನಿಮಾ ಎಷ್ಟೆಷ್ಟು ಸಲ ನೋಡಿದಾನೆ, ಯಾವ ಡೈರೆಕ್ಟರ್, ಯಾವ ಬ್ಯಾಂಡ್, ಯಾವ ಗೇಮ್, ಹೆಸರು ಹೆಸರು ಹೆಸರು, ಪ್ಯಾರಾಗಟ್ಟಲೆ. ಆ ಕಾಲದೋರಿಗೆ ಪ್ರತಿ ಹೆಸರಿಗೂ ಒಳಗೆ ಒಂದು ದೀಪ ಹತ್ತುತ್ತೇನೋ, ನನಗೆ ಅರ್ಧಕ್ಕರ್ಧ ಬರೀ ಅಕ್ಷರ, ಕಣ್ಣು ತಾನಾಗೇ ಮುಂದಿನ ಪ್ಯಾರಾಕ್ಕೆ ಜಾರ್ತಿತ್ತು.

ಆಡಿಯೋಬುಕ್ ಗೆಲ್ಲೋದು ಸರಿಯಾಗಿ ಅಲ್ಲೇ. ಹದಿನೈದು ಗಂಟೆಗೂ ಮೇಲಿದೆ, ಓದಿರೋ ವಿಲ್ ವೀಟನ್ ಆ ಕಾಲದಲ್ಲೇ ಬಾಲನಟ ಆಗಿದ್ದೋನು, ಸ್ಟಾರ್ ಟ್ರೆಕ್ ಸೀರೀಸ್‌ನಲ್ಲಿ ಹುಡುಗನ ಪಾತ್ರ ಮಾಡಿದೋನು, ಹಾಗಾಗಿ ಆ ಹೆಸರುಗಳನ್ನ ಓದುವಾಗ ಅವನ ದನಿಯಲ್ಲೇ ಒಂದು ಪ್ರೀತಿ ಇದೆ. ಪುಸ್ತಕದಲ್ಲಿ ನಾನು ಹಾರಿಸಿದ್ದ ಪಟ್ಟಿ ಇಲ್ಲಿ ಕೂತು ಕೇಳ್ದೆ, ಯಾಕಂದ್ರೆ ತನ್ನ ಹಳೇ ಫ್ರೆಂಡ್ಸ್ ಹೆಸರು ಹೇಳ್ತಿದಾನೇನೋ ಅನ್ನೋ ಹಂಗೆ ಹೇಳ್ತಾನೆ. ಇನ್ನೊಂದು ಚಂದದ ವಿಷಯ, ಓಯಸಿಸ್ ಬಳಕೆದಾರರ ಪರವಾಗಿ ಆರಿಸಿ ಬಂದಿರೋ ಇಬ್ಬರು ಮುದುಕರು ಅಂತ ಕಾದಂಬರಿಯಲ್ಲಿ ಲೇಖಕ ಕೋರಿ ಡಾಕ್ಟರೋ ಹೆಸರೂ ವಿಲ್ ವೀಟನ್ ಹೆಸರೂ ಬರುತ್ತೆ, ಆಡಿಯೋದಲ್ಲಿ ಆ ಸಾಲನ್ನ ವೀಟನ್ನೇ ಓದ್ಬೇಕು, ಆ ಜಾಗ ಬಂದಾಗ ನಾನು ಇಯರ್‌ಫೋನ್ ಹಾಕ್ಕೊಂಡೇ ಜೋರಾಗಿ ನಕ್ಕಿದ್ದೆ. ವೇಡ್ ಮತ್ತೆ ಅವನು ಪ್ರೀತಿಸೋ ಆರ್ಟೆಮಿಸ್ (ಓಯಸಿಸ್ ಒಳಗಿನ ಹೆಸರು, ಅಸಲು ಹೆಸರು ಸಮಂತಾ) ಮಧ್ಯೆ ನಡೆಯೋ ಚಾಟ್ ಕೂಡ ಪುಟದ ಮೇಲಿಗಿಂತ ಕಿವಿಗೇ ಹೆಚ್ಚು ಜೀವಂತ, ಹುಡುಗ ತಡವರಿಸೋದು ಕೇಳ್ಸುತ್ತೆ.

ಆದ್ರೆ ಎಗ್ ಹುಡುಕೋರ ಸ್ಕೋರ್‌ಬೋರ್ಡ್ ಓದೋದು ಬಂತು ಅಂದ್ರೆ ಸ್ವಲ್ಪ ತಾಳ್ಮೆ ಬೇಕು, ಹೆಸರು, ಅಂಕಿ, ಹೆಸರು, ಅಂಕಿ, ಪುಸ್ತಕದಲ್ಲಿ ಒಂದು ಕ್ಷಣದಲ್ಲಿ ಕಣ್ಣಿಗೆ ಬೀಳೋದು ಇಲ್ಲಿ ಉದ್ದ ಆಗುತ್ತೆ. ಒಗಟಂತೂ ಆಡಿಯೋದಲ್ಲಿ ನಮ್ಮ ಕೈಗೆ ಸಿಗಲ್ಲ, ಕೇಳ್ತಾ ಕೇಳ್ತಾನೇ ವೇಡ್ ಬಿಡಿಸಿ ಮುಂದೆ ಹೋಗಿರ್ತಾನೆ.

ಸಿನಿಮಾ ಬೇರೆಯದೇ ಪ್ರಾಣಿ. ಚಿತ್ರಕಥೆಯಲ್ಲಿ ಕ್ಲೈನ್ ಹೆಸರೂ ಇದೆ, ಝ್ಯಾಕ್ ಪೆನ್ ಜೊತೆ ಸೇರಿ ಬರೆದಿದ್ದು, ಆದ್ರೂ ಸ್ಕೂಲ್ ಇಲ್ಲ, ಪುಸ್ತಕದಲ್ಲಿ ಬರೋ ಹಳೇ ಗೇಮ್‌ಗಳಾದ ಜೌಸ್ಟ್ ಇಲ್ಲ, ಝೋರ್ಕ್ ಇಲ್ಲ. ಮೊದಲನೇ ಕೀಗೆ ಒಂದು ಕಾರ್ ರೇಸ್, ಕಿಂಗ್ ಕಾಂಗ್ ಬಂದು ರಸ್ತೆ ಒಡೀತಾ ಇರೋವಾಗ ವೇಡ್ ಡೆಲೋರಿಯನ್ ಗಾಡಿನ ಹಿಂದಕ್ಕೆ ಓಡಿಸಿ ಗೆಲ್ತಾನೆ. ಆ ರೇಸ್ ದೊಡ್ಡ ಪರದೆ ಮೇಲೆ ನೋಡಿದೋರಿಗೆ ಅದರ ಮಜಾ ಗೊತ್ತು, ನಾನು ಸೀಟಿನ ತುದಿಗೆ ಬಂದಿದ್ದೆ. ದಿ ಶೈನಿಂಗ್ ಸಿನಿಮಾದ ಹೋಟೆಲ್ ಒಳಗೆ ಇವರೆಲ್ಲ ನುಗ್ಗೋ ಭಾಗ ಕಾದಂಬರಿಯಲ್ಲಿ ಇಲ್ವೇ ಇಲ್ಲ, ಅದನ್ನ ಸಿನಿಮಾದೋರೇ ಸೇರಿಸಿದ್ದು, ಅದು ನನಗೆ ತುಂಬ ಇಷ್ಟ, ಯಾಕಂದ್ರೆ ಹಳೇ ಸಿನಿಮಾದೊಳಗೆ ನಡೆದಾಡೋ ಅನುಭವ ಏನು ಅಂತ ವೇಡ್ ವಾರ್‌ಗೇಮ್ಸ್ ಸಿನಿಮಾದೊಳಗೆ ಹೋಗೋ ಪುಸ್ತಕದ ಅಧ್ಯಾಯಕ್ಕಿಂತ ಅಲ್ಲಿ ಚೆನ್ನಾಗಿ ಗೊತ್ತಾಗುತ್ತೆ. ಮಾರ್ಕ್ ರೈಲನ್ಸ್ ಮಾಡಿರೋ ಹ್ಯಾಲಿಡೇ ಇನ್ನೊಂದು ಲಾಭ. ಜನರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡೋಕೆ ಆಗದ ಮನುಷ್ಯ ಅಂತ ಪುಸ್ತಕ ಹೇಳುತ್ತೆ, ರೈಲನ್ಸ್ ಅದನ್ನ ಭುಜದಲ್ಲೇ ತೋರಿಸ್ತಾರೆ.

ಆದ್ರೆ ಒಂದು ಮುಖ್ಯವಾದ್ದು ಕಳೆದುಹೋಗಿದೆ. ಕಾದಂಬರಿಯಲ್ಲಿ ವೇಡ್ ಗೆಲ್ಲೋದು ಕೂತು ಆಡಿ ಆಡಿ ಕಲಿತಿದ್ರಿಂದ, ಆ ಅಭ್ಯಾಸದ ತೂಕ ಸಿನಿಮಾದಲ್ಲಿ ಕಾಣ್ಸಲ್ಲ, ಎರಡು ಗಂಟೆ ಇಪ್ಪತ್ತು ನಿಮಿಷದಲ್ಲಿ ಅದಕ್ಕೆ ಜಾಗಾನೂ ಇಲ್ಲ. ವೇಡ್ ಮತ್ತೆ ಸಮಂತಾ ಸಿನಿಮಾದಲ್ಲಿ ನಡುವಲ್ಲೇ ಮುಖಾಮುಖಿ ಆಗ್ತಾರೆ, ಪುಸ್ತಕದಲ್ಲಿ ಕ್ಲೈನ್ ಕೊಟ್ಟಕೊನೇ ಪುಟಗಳವರೆಗೂ ಕಾಯಿಸ್ತಾನೆ, ಆ ಕಾಯೋದ್ರಲ್ಲೇ ಪ್ರೀತಿ ಬೆಳೆಯೋದು.

ಈಗ ನಾಲ್ಕನೇದು, ನಾನು ಇಷ್ಟೆಲ್ಲ ಬರೀತಿರೋದೇ ಇದಕ್ಕೋಸ್ಕರ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೇ ಆರ್ಕೇಡ್, ಕನ್ಸೋಲ್ ಗೇಮ್‌ಗಳು ಬೇಕಾದಷ್ಟಿವೆ, ಬ್ರೌಸರ್‌ನಲ್ಲೇ ಓಡುತ್ತೆ, ಏನೂ ಇನ್‌ಸ್ಟಾಲ್ ಮಾಡೋದು ಬೇಡ. ಕಾದಂಬರಿಯಲ್ಲಿ ಒಂದು ಗೇಮ್ ಹೆಸರು ಬಂದ ತಕ್ಷಣ ಬುಕ್‌ಮಾರ್ಕ್ ಇಟ್ಟು, ಆ ಗೇಮ್ ಒಂದಷ್ಟು ಹೊತ್ತು ಆಡಿ, ಆಮೇಲೆ ವಾಪಸ್ ಬಂದು ಓದೋದು, ಇಷ್ಟೇ.

ಜೌಸ್ಟ್ ತಗೊಳ್ಳಿ, 1982ರದ್ದು, ವಿಲಿಯಮ್ಸ್ ಕಂಪನಿದು. ಪುಸ್ತಕದಲ್ಲಿ ತಾಮ್ರದ ಕೀ ಕಾಯ್ತಾ ಸತ್ತು ಬದುಕಿರೋ ಮಾಂತ್ರಿಕ ಅಸೆರೆರಾಕ್ ಸಿಂಹಾಸನದ ಮೇಲೆ ಕೂತಿರ್ತಾನೆ, ವೇಡ್ ಕತ್ತಿ ಹಿಡಿದು ಹೊಡೆದಾಡ್ಬೇಕು ಅಂದ್ಕೊಂಡಿದ್ರೆ ಅವನು ಜೌಸ್ಟ್ ಆಡೋಣ ಬಾ ಅಂತಾನೆ. ಮೊದಲ ಓದಿನಲ್ಲಿ ಅದು ನನಗೆ ತಮಾಷೆ ದೃಶ್ಯ ಅಷ್ಟೇ. ಗೇಮ್ ಆಡಿದ್ಮೇಲೆ ಗೊತ್ತಾಯ್ತು ಅದು ಎಂಥ ಯುದ್ಧ ಅಂತ. ಉಷ್ಟ್ರಪಕ್ಷಿ ಮೇಲೆ ಕೂತು ಈಟಿ ಹಿಡಿದಿರ್ತೀರ, ಒಂದೇ ಬಟನ್, ಒಂದ್ಸಲ ಒತ್ತಿದ್ರೆ ರೆಕ್ಕೆ ಒಂದ್ಸಲ ಬಡಿಯುತ್ತೆ, ಒತ್ತೋದು ನಿಲ್ಲಿಸಿದ್ರೆ ಕೆಳಗೆ ಬೀಳ್ತೀರ. ಎದುರಾಳಿಗೆ ಡಿಕ್ಕಿ ಹೊಡೆದಾಗ ಯಾರ ಈಟಿ ಮೇಲಿರುತ್ತೋ ಅವರು ಗೆದ್ರು, ಸಮ ಇದ್ರೆ ಇಬ್ಬರೂ ಹಿಂದಕ್ಕೆ ಎಗರ್ತಾರೆ. ಕೂದಲೆಳೆಯಷ್ಟು ಎತ್ತರದ ಲೆಕ್ಕ. ಬೆರಳು ನೋಯೋ ತನಕ ಟಕ್ ಟಕ್ ಟಕ್ ಅಂತ ಒತ್ತಿ, ಮೇಲೆ ಹೋಗಿ, ಚೂರು ಬೇಗ ಇಳಿದು ಸತ್ತು, ಹಂಗೇ ವಾಪಸ್ ಆ ಅಧ್ಯಾಯಕ್ಕೆ ಬಂದೆ ನೋಡಿ, ಅದೇ ಪುಟ, ಅದೇ ಅಕ್ಷರ, ಈ ಸಲ ಅಂಗೈ ಬೆವರ್ತಿತ್ತು.

ಝೋರ್ಕ್ ಇನ್ನೂ ದೊಡ್ಡ ಬದಲಾವಣೆ ತಂತು. 1977ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಬರೀ ಅಕ್ಷರದ ಗೇಮ್, ಆಮೇಲೆ ಇನ್ಫೋಕಾಮ್ ಅದನ್ನ ಮಾರಾಟಕ್ಕೆ ತಂತು, ಒಂದು ಚಿತ್ರಾನೂ ಇಲ್ಲ. ಒಂದು ಬಿಳಿ ಮನೆ ಮುಂದೆ ನಿಂತಿದೀರ, ಬಾಗಿಲಿಗೆ ಹಲಗೆ ಬಡಿದಿದೆ, ಒಂದು ಅಂಚೆ ಡಬ್ಬಿ ಇದೆ ಅಂತ ಹೇಳಿ ಸುಮ್ಮನಾಗುತ್ತೆ, ಮುಂದೇನು ಮಾಡ್ಬೇಕು ಅಂತ ನೀವೇ ಟೈಪ್ ಮಾಡ್ಬೇಕು. ಮನೆ ಸುತ್ತ ಬಳಸಿ ಹಿಂದಿನ ಕಿಟಕಿಯಿಂದ ಒಳಗೆ ಹೋಗಿ, ಲ್ಯಾಂಪ್ ಎತ್ಕೊಂಡು, ಹಾಸಿರೋ ಕಂಬಳಿ ಸರಿಸಿದ್ರೆ ಕೆಳಗೆ ಇಳಿಯೋ ಬಾಗಿಲು. ಕತ್ತಲಲ್ಲಿ ಲ್ಯಾಂಪ್ ಇಲ್ದೆ ತಿರುಗಾಡಿದ್ರೆ ಗ್ರೂ ಅನ್ನೋದು ತಿಂದುಬಿಡುತ್ತೆ, ಲ್ಯಾಂಪ್ ಬ್ಯಾಟರಿನೂ ಮುಗಿಯುತ್ತೆ, ನಡುವೆ ಒಬ್ಬ ಕಳ್ಳ ಬಂದು ಸಿಕ್ಕಿದ್ದನ್ನೆಲ್ಲ ಹೊಡ್ಕೊಂಡು ಹೋಗ್ತಾನೆ. ಹಾಳೆ ಮೇಲೆ ಪೆನ್ಸಿಲ್‌ನಲ್ಲಿ ಮ್ಯಾಪ್ ಬರ್ಕೊಂಡು ಆಡ್ದೆ, ಜಟಿಲ ದಾರಿಗಳಲ್ಲಿ ಕೈಲಿರೋ ವಸ್ತು ಒಂದೊಂದು ಕೆಳಗೆ ಬಿಟ್ಟು ಗುರುತು ಇಟ್ಕೊಂಡೆ. ಆಮೇಲೆ ಕಾದಂಬರಿಯಲ್ಲಿ ವೇಡ್ ಫ್ರೊಬಾಝ್ ಗ್ರಹದಲ್ಲಿ ಅದೇ ಬಿಳಿ ಮನೆ ನಿಜವಾಗ್ಲೂ ಕಟ್ಟಿರೋದನ್ನ ನೋಡ್ತಾನಲ್ಲ, ಆ ಕಿಟಕಿ ಎಲ್ಲಿದೆ ಅಂತ ನನಗೂ ಅವನಷ್ಟೇ ಗೊತ್ತಿತ್ತು. ಅಷ್ಟು ದಿನ ಬರೀ ಅಕ್ಷರದಲ್ಲಿ ನಾನು ಕಲ್ಪಿಸ್ಕೊಂಡ ಮನೆಯೊಳಗೆ ಒಬ್ಬ ನಡ್ಕೊಂಡು ಹೋಗ್ತಿದಾನೆ! ವರ್ಚುವಲ್ ರಿಯಾಲಿಟಿ ಅಂದ್ರೆ ಏನು ಅಂತ ಈ ಪುಸ್ತಕ ನನಗೆ ಹೇಳಿದ್ದು ಅಲ್ಲಿ.

ಪ್ಯಾಕ್-ಮ್ಯಾನ್ ಎಲ್ಲರಿಗೂ ಗೊತ್ತಿರೋದೇ, ಅದರ ಬಗ್ಗೆ ಹೆಚ್ಚು ಬೇಡ, ವೇಡ್ ಮಾಡೋ ಪರ್ಫೆಕ್ಟ್ ಗೇಮ್ 33,33,360 ಪಾಯಿಂಟ್, ಒಂದು ಲೈಫ್ ಕೂಡ ಕಳ್ಕೊಳ್ದೆ 256ನೇ ಲೆವೆಲ್ ತನಕ. ಲೆವೆಲ್ ಎಣಿಸೋಕೆ ಇಟ್ಟಿರೋದು 8 ಬಿಟ್ ಮಾತ್ರ, 255 ದಾಟಿದ ಮೇಲೆ ಅದಕ್ಕೆ ಎಣಿಸೋಕಾಗದೆ ಪರದೆಯ ಅರ್ಧ ಭಾಗ ಕಲಸಿಹೋಗುತ್ತೆ, ಆಟ ಅಲ್ಲಿಗೆ ನಿಲ್ಲುತ್ತೆ. ಮೊದಲ ಕೆಲವು ಲೆವೆಲ್ ತಪ್ಪಿಲ್ದೆ ಆಡಿ ನೋಡಿ, ಆ ಅಂಕಿ ಎಂಥದ್ದು ಅಂತ ಗೊತ್ತಾಗುತ್ತೆ. ಟೆಂಪೆಸ್ಟ್ ಮಾತ್ರ ಕೀಬೋರ್ಡ್‌ನಲ್ಲಿ ಸರಿ ಬರಲ್ಲ, ಅಸಲು ಮೆಷಿನ್‌ನಲ್ಲಿ ತಿರುಗಿಸೋ ಗುಂಡಿ ಇರ್ತಿತ್ತು, ಅದಿಲ್ದೆ ಆ ಆಟಕ್ಕೆ ಜೀವ ಇಲ್ಲ, ಅದನ್ನ ಬಿಟ್ಟುಬಿಟ್ರೂ ನಷ್ಟ ಇಲ್ಲ.

ಬಿಡಬಾರದ್ದು ಅಡ್ವೆಂಚರ್. ಅಟಾರಿ 2600ರ ಗೇಮ್, ಇಡೀ ಗೇಮ್ 4 ಕಿಲೋಬೈಟ್, ಆ ಕನ್ಸೋಲ್‌ನ ರ‍್ಯಾಮ್ 128 ಬೈಟ್. ಹೀರೋ ಅಂದ್ರೆ ಒಂದು ಚೌಕ, ಡ್ರ್ಯಾಗನ್ ನೋಡಿದ್ರೆ ಬಾತುಕೋಳಿ ಥರ. ಅದನ್ನ ಬರೆದ ವಾರೆನ್ ರಾಬಿನೆಟ್‌ಗೆ ಹೆಸರು ಹಾಕೋ ಹಕ್ಕಿರಲಿಲ್ಲ, ಅಟಾರಿ ಆಗ ಪ್ರೋಗ್ರಾಮರ್‌ಗಳ ಹೆಸರು ಹೊರಗೆ ಬಿಡ್ತಿರಲಿಲ್ಲ, ಅದಕ್ಕೆ ಅವನು ಒಂದು ಗುಪ್ತ ಕೋಣೆ ಮಾಡಿ ಅಲ್ಲಿ ತನ್ನ ಹೆಸರು ಬರೆದಿಟ್ಟ. ಅಲ್ಲಿಗೆ ಹೋಗ್ಬೇಕಂದ್ರೆ ಕಪ್ಪು ಕೋಟೆಯೊಳಗೆ ಸೇತುವೆ ಇಟ್ಟು, ಹಿನ್ನೆಲೆಯ ಬೂದು ಬಣ್ಣದ್ದೇ ಆದ ಒಂದೇ ಒಂದು ಚುಕ್ಕೆ ಹುಡುಕಿ ಹೊತ್ತು ತಂದು, ಬೇರೆ ಸಾಮಾನುಗಳ ಜೊತೆ ಒಂದು ನಿರ್ದಿಷ್ಟ ಕೋಣೆಯಲ್ಲಿಟ್ರೆ, ಅಷ್ಟು ವಸ್ತುಗಳನ್ನ ಒಟ್ಟಿಗೆ ತೋರಿಸೋಕಾಗದೆ ಪರದೆ ಮಿನುಗೋಕೆ ಶುರುವಾಗುತ್ತೆ, ಆಗ ಗೋಡೆ ದಾಟಬಹುದು. ದಾಟ್ದೆ. ಬಣ್ಣ ಬದಲಾಯಿಸ್ತಾ ಹೊಳೆಯೋ ಆ ಹೆಸರು ಕಾಣ್ತು. ಕಾದಂಬರಿಯ ಕೊನೇ ಗೇಟ್ ನಿಂತಿರೋದು ಇದರ ಮೇಲೇ, ಸಿನಿಮಾದಲ್ಲೂ ಇದನ್ನ ಉಳಿಸ್ಕೊಂಡಿದಾರೆ. ಆದ್ರೆ ಪುಸ್ತಕದಲ್ಲಿ ಎಲ್ಲ ಮುಗಿದ ಮೇಲೆ ವೇಡ್ ಸಮಂತಾನ ಹುಡುಕ್ಕೊಂಡು ಹೋಗೋ ಗಿಡಗಳ ಜಟಿಲ ದಾರಿ ಇದೆಯಲ್ಲ, ಅದೂ ಅಡ್ವೆಂಚರ್‌ನ ದಾರಿನೇ, ನಡುವೆ ಇರೋ ಕಾರಂಜಿಯಲ್ಲಿ ಅದೇ ಬಾತುಕೋಳಿ ಡ್ರ್ಯಾಗನ್‌ಗಳು. ಮೊದಲ ಓದಿನಲ್ಲಿ ಆ ಕಾರಂಜಿ ನನ್ನ ಗಮನಕ್ಕೇ ಬಂದಿರಲಿಲ್ಲ. ಈ ಸಲ ಆ ಡ್ರ್ಯಾಗನ್‌ಗಳು ನನ್ನನ್ನ ಎಷ್ಟೋ ಸಲ ನುಂಗಿದ್ದವು, ಗುರುತು ಸಿಗ್ದೆ ಇರುತ್ತಾ! ಬೇರೆಯವರದ್ದಾಗಿದ್ದ ನೆನಪು ನಂದಾಗಿತ್ತು.

ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್ ಹಾಕಿ ನೋಡಿದ್ರೆ ಕಾದಂಬರಿ ಇನ್ನೂ ಚೆನ್ನಾಗಿ ಹಿಡಿಸುತ್ತಾ ಅಂತ ಕೇಳೋರಿದಾರೆ. ಇಂಥ ಹೆಡ್‌ಸೆಟ್ ಮಾಡೋ ಆಕ್ಯುಲಸ್ ಕಂಪನಿಯಲ್ಲಿ ಹೊಸದಾಗಿ ಸೇರಿದೋರಿಗೆ ಈ ಪುಸ್ತಕ ಕೊಡ್ತಿದ್ರು, ಹಾಗಾಗಿ ಸಂಬಂಧ ಇದ್ದೇ ಇದೆ. ನಾನೂ ಹಾಕಿ ನೋಡಿದೀನಿ, ತಲೆ ತಿರುಗಿಸಿದ ಕಡೆ ಲೋಕ ತಿರುಗೋದು ಮೊದಲ ಸಲ ಬೆರಗೇ, ಆದ್ರೆ ಮೂಗಿನ ಮೇಲೆ ಭಾರ, ಸ್ವಲ್ಪ ಹೊತ್ತಿಗೆ ಬೆವರು. ಕಾದಂಬರಿ ಅರ್ಥ ಆಗೋಕೆ ಅದು ಬೇಕಿಲ್ಲ, ಝೋರ್ಕ್ ಸಾಕು.

ಟೈಮ್ ಕಮ್ಮಿ ಇದೆ, ಓಡಾಡ್ತಾ ಕೇಳ್ಬೇಕು ಅನ್ನೋರಿಗೆ ಆಡಿಯೋ ಕಣ್ಮುಚ್ಚಿ ತಗೊಳ್ಳಿ. ಸಿನಿಮಾ ಯಾವಾಗ ನೋಡಿದ್ರೂ ನಡೆಯುತ್ತೆ, ಕೊನೇ ಅಡ್ವೆಂಚರ್ ಒಂದು ಬಿಟ್ರೆ ಎರಡರ ಒಗಟುಗಳೂ ಬೇರೆ ಬೇರೆ ಆಗಿರೋದ್ರಿಂದ ಒಂದರಿಂದ ಇನ್ನೊಂದು ಹೆಚ್ಚು ಕೆಡಲ್ಲ. ಗೇಮ್ ಜೊತೆ ಓದೋರು ಜೌಸ್ಟ್‌ನ ಪುಸ್ತಕ ಶುರು ಮಾಡೋ ಮುಂಚೇನೇ ಒಂದೆರಡು ಸಂಜೆ ಆಡಿಟ್ಕೊಳ್ಳಿ, ತಾಮ್ರದ ಕೀ ತುಂಬ ಬೇಗ ಬಂದುಬಿಡುತ್ತೆ, ಅಲ್ಲಿ ನಿಲ್ಲಿಸೋಕೆ ಮನಸ್ಸೇ ಬರಲ್ಲ. ಝೋರ್ಕ್‌ಗೆ ಮಾತ್ರ ಪುಸ್ತಕ ಪೂರ್ತಿ ಪಕ್ಕಕ್ಕಿಟ್ಟು ಒಂದು ವಾರ ಕೊಡಿ, ಉತ್ತರ ಎಲ್ಲೂ ಹುಡುಕ್ಬೇಡಿ, ಒಂದು ಪೆನ್ಸಿಲ್, ಒಂದಿಷ್ಟು ಖಾಲಿ ಹಾಳೆ ಇಟ್ಕೊಳ್ಳಿ.